ಕಿಡಿ ಹೊತ್ತಿಸಿದ ಕುಶಲಕರ್ಮಿ

ಪೆಟ್ರೋಲಿನಿಂದ ನಡೆಯುವ ಎಂಜಿನ್ನಿನ ಸಿಲಿಂಡರಿನೊಳಗೆ ಗಾಳಿಯೂ ಇಂಧನದ ಆವಿಯೂ ಹದವಾಗಿ ಬೆರೆತು, ಪಿಸ್ಟನ್ನಿನ ಒತ್ತಡಕ್ಕೆ ಸಿಕ್ಕಿ ಕುಗ್ಗಿದ ಗಳಿಗೆಯಲ್ಲಿ ಅಲ್ಲೊಂದು ಕಿಡಿ ಹಾರಬೇಕು. ಆ ಕಿಡಿ ತುಸು ಮೊದಲೇ ಹಾರಿದರೆ ಎಂಜಿನ್ನು ಒದೆಯುತ್ತದೆ, ತಡವಾದರೆ ಬಲಗುಂದುತ್ತದೆ, ಹಾರದೆಯೇ ಹೋದರೆ ಎಷ್ಟು ದೊಡ್ಡ ಯಂತ್ರವಾದರೂ ಕಬ್ಬಿಣದ ರಾಶಿಯಷ್ಟೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೋಟಾರು ವಾಹನವನ್ನು ಕಟ್ಟಲು ಹೊರಟವರನ್ನೆಲ್ಲ ಕಾಡಿದ ತೊಡಕು ಇದೇ. ತಾನು ಕಂಡುಹಿಡಿದ ಮೋಟಾರು ವಾಹನಕ್ಕೂ ಕಿಡಿಯ ಸಮಸ್ಯೆಯೇ ಎಲ್ಲ ಸಮಸ್ಯೆಗಳ ಮೂಲವೆಂದು ಕಾರ್ಲ್ ಬೆನ್ಜ್ ಬಗೆದಿದ್ದನು. ಆ ತೊಡಕನ್ನು ಬಿಡಿಸಿದ ಕೀರ್ತಿ ಬಹುಮಟ್ಟಿಗೆ ಜರ್ಮನಿಯ ಒಬ್ಬ ಕುಶಲಕರ್ಮಿಗೂ ಅವನ ಸಂಗಡಿಗರಿಗೂ ಸಲ್ಲುತ್ತದೆ. ಅವನ ಹೆಸರು ರಾಬರ್ಟ್ ಬಾಷ್.

ದಕ್ಷಿಣ ಜರ್ಮನಿಯ ಊಲ್ಮ್ ನಗರದ ಸಮೀಪದಲ್ಲಿ ಆಲ್ಬೆಕ್ ಎಂಬ ಹಳ್ಳಿಯಿದೆ. ಅಲ್ಲಿ 1861ನೆಯ ಇಸವಿ ಸೆಪ್ಟೆಂಬರ್ 23ರಂದು ಬಾಷ್ ಜನಿಸಿದನು. ಹನ್ನೆರಡು ಮಕ್ಕಳಲ್ಲಿ ಅವನು ಹನ್ನೊಂದನೆಯವನು. ತಂದೆ ಸರ್ವಾಟಿಯಸ್ ಬಾಷ್ ಬೇಸಾಯದೊಡನೆ ಪಯಣಿಗರ ವಸತಿಗೃಹವೊಂದನ್ನು ನಡೆಸುತ್ತಿದ್ದನು. ಆ ಕಾಲದ ಹಳ್ಳಿಗನಿಗೆ ಅಪರೂಪವೆನಿಸುವಷ್ಟು ಓದುಬರಹ ಬಲ್ಲವನು. ಮಕ್ಕಳ ವಿದ್ಯಾಭ್ಯಾಸಕ್ಕೆ ಬಹಳ ಬೆಲೆ ಕೊಡುತ್ತಿದ್ದನು. 1869ರಲ್ಲಿ ಕುಟುಂಬವು ಊಲ್ಮ್ ನಗರಕ್ಕೆ ಬಂದು ನೆಲೆಸಿತು. ಬಾಲಕ ರಾಬರ್ಟನು ಅಲ್ಲಿನ ಶಾಲೆಗೆ ಸೇರಿದನು. ಗಿಡಮರಗಳ, ಪ್ರಾಣಿಪಕ್ಷಿಗಳ ಮೇಲೆ ಅವನಿಗೆ ಒಲವು ಹೆಚ್ಚು. ಅವುಗಳ ಶಾಸ್ತ್ರವನ್ನೇ ಓದಬೇಕೆಂಬ ಆಸೆಯೂ ಇತ್ತು. ಆದರೆ ತಂದೆಯ ಸೂಚನೆಯಂತೆ 1876ರಲ್ಲಿ ಸೂಕ್ಷ್ಮಯಂತ್ರಗಳ ಕೆಲಸ ಕಲಿಯಲು ಊಲ್ಮಿನ ಒಬ್ಬ ಯಜಮಾನನ ಬಳಿ ಸೇರಿಕೊಂಡನು.

ಮೂರು ವರ್ಷಗಳ ಈ ಕಲಿಕೆ ಅವನಿಗೆ ತೃಪ್ತಿ ತರಲಿಲ್ಲ. ಯಜಮಾನನು ಶಿಷ್ಯರಿಗೆ ವಿದ್ಯೆ ಕಲಿಸುವುದರಲ್ಲಿ ಆಸಕ್ತಿಯಿಲ್ಲದವನಾಗಿದ್ದನು. ಹುಡುಗರು ತಾವಾಗಿ ಕಂಡು ಕಲಿತಷ್ಟೇ ಲಾಭ. ತಾನು ಮುಂದೆ ಯಜಮಾನನಾದಾಗ ಕೆಲಸ ಕಲಿಯಲು ಬಂದ ಹುಡುಗರನ್ನು ಬಾಷ್ ವಿಶೇಷ ಅಕ್ಕರೆಯಿಂದ ನೋಡಿಕೊಂಡುದಕ್ಕೆ ಈ ಕಹಿಯೇ ಕಾರಣವಿರಬೇಕು. ಬಳಿಕ ಕೆಲವು ವರ್ಷ ಅವನು ಊರಿಂದೂರಿಗೆ ಅಲೆಯುತ್ತ ಹಲವು ಕಾರ್ಖಾನೆಗಳಲ್ಲಿ ದುಡಿದನು. ಸ್ಟುಟ್‌ಗಾರ್ಟಿನ ತಾಂತ್ರಿಕ ವಿದ್ಯಾಲಯದಲ್ಲಿ ಸ್ವಲ್ಪಕಾಲ ಪಾಠಗಳನ್ನು ಕೇಳಿದನು. 1884ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ನ್ಯೂಯಾರ್ಕಿಗೆ ಹೋಗಿ, ಥಾಮಸ್ ಎಡಿಸನ್ನನ ಕಾರ್ಖಾನೆಯಲ್ಲಿ ಕೆಲಸಗಾರನಾದನು. ವಿದ್ಯುತ್ತಿನ ಹೊಸ ಯುಗ ಕಣ್ಣೆದುರಿಗೇ ಅರಳುತ್ತಿದ್ದ ಸ್ಥಳವದು. ಆದರೆ ಸಮಾನತೆಯ ನಾಡೆಂದು ಕೇಳಿದ್ದ ಅಮೆರಿಕದಲ್ಲಿ ಅವನು ಕಂಡದ್ದು ಬೇರೆ. ಕೆಲಸವಿಲ್ಲದ ದಿನಗಳ ಕಷ್ಟವನ್ನೂ ಅವನು ಅಲ್ಲಿ ಉಂಡನು. ಕಾರ್ಮಿಕರ ಸಂಘವೊಂದನ್ನು ಸೇರಿದನು. ಮರುವರ್ಷ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಸೋದರರ ಕಾರ್ಖಾನೆಯಲ್ಲಿ ಕೆಲವು ಕಾಲವಿದ್ದು, ಕೊನೆಗೆ ತಾಯ್ನಾಡಿಗೆ ಮರಳಿದನು.

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟಿನ ಒಂದು ಹಿತ್ತಿಲ ಮನೆಯಲ್ಲಿ ಇಪ್ಪತ್ತೈದು ವರ್ಷದ ಬಾಷ್ ಸ್ವಂತ ಕಾರ್ಯಾಗಾರವನ್ನು ತೆರೆದನು. ತಂದೆಯ ಆಸ್ತಿಯಿಂದ ಬಂದ ಪಾಲು, ಹತ್ತು ಸಾವಿರ ಮಾರ್ಕು, ಅವನ ಬಂಡವಾಳ. ಒಬ್ಬ ಕೆಲಸಗಾರ, ಓಡಾಡುವುದಕ್ಕೆ ಒಬ್ಬ ಹುಡುಗ, ಇಷ್ಟೇ ಪರಿವಾರ. ಟೆಲಿಫೋನು, ವಿದ್ಯುತ್ ಗಂಟೆ, ಸಿಡಿಲುವಾಹಕ, ನೀರಿನ ಮಟ್ಟ ತೋರುವ ಸಾಧನ ಮುಂತಾಗಿ ಯಾರು ಏನು ಕೇಳಿದರೂ ಮಾಡಿಕೊಡುವ ಅಂಗಡಿ ಅದು.

ಮರುವರ್ಷ ಒಬ್ಬ ಗಿರಾಕಿ ಹೊಸದೊಂದು ಬೇಡಿಕೆಯೊಡನೆ ಬಂದನು. ಗಿರಣಿ, ಕಾರ್ಖಾನೆಗಳಲ್ಲಿ ಒಂದೆಡೆ ನೆಲೆನಿಂತು ನಡೆಯುವ ಎಂಜಿನ್ನಿಗೆ ಕಿಡಿ ಕೊಡುವ ಸಾಧನವೊಂದು ಅವನಿಗೆ ಬೇಕಾಗಿತ್ತು. ಅಂಥ ಒಂದು ಸಾಧನ ಸ್ಟುಟ್‌ಗಾರ್ಟಿಗೆ ಅನತಿದೂರದ ಷೋರ್ನ್‌ಡಾರ್ಫ್ ಊರಿನ ಒಂದು ಎಂಜಿನ್ನಿನಲ್ಲಿ ಇದೆಯೆಂದು ತಿಳಿದು, ಬಾಷ್ ಅಲ್ಲಿಗೇ ಹೋಗಿ ಅದನ್ನು ಕಣ್ಣಾರೆ ಪರೀಕ್ಷಿಸಿದನು. ನಾಲ್ಕು ಹೊಡೆತದ ಎಂಜಿನ್ನಿನ ಜನಕನಾದ ನಿಕೊಲಾಸ್ ಆಟೋ ರೂಪಿಸಿದ್ದ ಮ್ಯಾಗ್ನೆಟೊ ಅದು. ಅದನ್ನು ತಯಾರಿಸಿದವರು ಅದರ ಮೇಲೆ ಹಕ್ಕುಪತ್ರ ಪಡೆದಿರುವರೇ ಎಂದು ಬಾಷ್ ವಿಚಾರಿಸಿದನು, ಅಂಥದು ಕಂಡುಬರಲಿಲ್ಲ. ಆ ಬಳಿಕವೇ ತನ್ನ ಕೈಯಿಂದ ಅಂಥದೊಂದನ್ನು ಕಟ್ಟಿದನು. ಮ್ಯಾಗ್ನೆಟೊವನ್ನು ಕಂಡುಹಿಡಿದವನು ಬಾಷ್ ಎಂದು ಹಲವರು ಭಾವಿಸುವುದುಂಟು. ಅದು ಸರಿಯಲ್ಲ. ಇನ್ನೊಬ್ಬರು ಕಂಡುಹಿಡಿದುದನ್ನು ಕೈಕೊಡದಂತೆ, ಅಚ್ಚುಕಟ್ಟಾಗಿ, ಮೇಲಿಂದ ಮೇಲೆ ಒಂದೇ ಗುಣದಲ್ಲಿ ತಯಾರಿಸಿದ್ದು ಅವನ ಸಾಧನೆ. ಅದೇನೂ ಸಣ್ಣದಲ್ಲ.

ಮ್ಯಾಗ್ನೆಟೊ ಎಂದರೇನು? ಲಾಳದ ಆಕಾರದ ಅಯಸ್ಕಾಂತಗಳ ನಡುವೆ ತಂತಿ ಸುತ್ತಿದ ಒಂದು ಕಬ್ಬಿಣದ ದಿಂಡು ತೂಗಾಡುತ್ತದೆ, ಇಲ್ಲವೆ ತಿರುಗುತ್ತದೆ. ಅಯಸ್ಕಾಂತದ ಬಲರೇಖೆಗಳು ತಂತಿಯ ಸುರುಳಿಯನ್ನು ಹಾಯುವ ಪ್ರಮಾಣ ಥಟ್ಟನೆ ಬದಲಾದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು ಫ್ಯಾರಡೆಯು 1831ರಲ್ಲಿ ಕಂಡ ತತ್ತ್ವ. ಬಾಷನ ಮೊದಲ ಮ್ಯಾಗ್ನೆಟೊಗಳಲ್ಲಿ ಈ ಪ್ರವಾಹವು ಸಿಲಿಂಡರಿನೊಳಗಿನ ಎರಡು ಲೋಹದ ತುದಿಗಳ ಮೂಲಕ ಹರಿಯುತ್ತಿತ್ತು. ತಕ್ಕ ಸಮಯದಲ್ಲಿ ಒಂದು ಸನ್ನೆಯು ಆ ತುದಿಗಳನ್ನು ಬೇರ್ಪಡಿಸುತ್ತಿತ್ತು. ಅವು ಅಗಲುವಾಗ ನಡುವೆ ಕಿಡಿ ಹಾರುತ್ತಿತ್ತು. ಬ್ಯಾಟರಿಯ ಹಂಗಿಲ್ಲ. ಎಂಜಿನ್ನು ತಿರುಗುತ್ತಿರುವವರೆಗೂ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬ್ಯಾಟರಿಯೆಂಬುದು ಭಾರವಾಗಿ, ಬೇಗನೆ ಬರಿದಾಗುತ್ತಿದ್ದ ಆ ಕಾಲದಲ್ಲಿ ಇದು ದೊಡ್ಡ ಅನುಕೂಲ.

ಆದರೂ ಬಾಷನ ಬಾಳು ಹಸನಾಗಲಿಲ್ಲ. 1887ರಲ್ಲಿ ಆನ್ನಾ ಕೈಸರ್ ಎಂಬಾಕೆಯನ್ನು ಮದುವೆಯಾಗಿ ಸಂಸಾರ ಹೂಡಿದ್ದನು. ಕೆಲಸ ಒಂದು ತಿಂಗಳು ಉಕ್ಕಿದರೆ ಮರುತಿಂಗಳು ಬತ್ತುತ್ತಿತ್ತು. ಸಾಲ ಬೆಳೆಯಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ತನ್ನ ಕೆಲಸಗಾರರಲ್ಲಿ ಬಹುಮಂದಿಯನ್ನು ಅವನು ಬಿಟ್ಟುಕೊಡಬೇಕಾಯಿತು. ಗಿರಾಕಿಗಳ ಬಳಿಗೆ ತಾನೇ ಹೋಗಿ ತನ್ನ ಕೆಲಸವನ್ನು ಪರೀಕ್ಷಿಸುವುದು ಅವನ ಪದ್ಧತಿ. ಅದಕ್ಕಾಗಿ 1890ರಲ್ಲಿ ಒಂದು ಬೈಸಿಕಲ್ಲನ್ನು ಕೊಂಡನು. ಸ್ಟುಟ್‌ಗಾರ್ಟಿನ ಜನಕ್ಕೆ ಬೈಸಿಕಲ್ ಇನ್ನೂ ವಿಚಿತ್ರವಾಗಿದ್ದ ದಿನಗಳವು. ಅಂಗಡಿ ಮುಚ್ಚುವ ಸ್ಥಿತಿ ಬಂದಾಗಲೂ ಮಾಲಿನ ಗುಣವನ್ನು ಇಳಿಸಿ ಹಣ ಉಳಿಸುವ ದಾರಿಯನ್ನು ಅವನು ಹಿಡಿಯಲಿಲ್ಲ. 1895ರ ವೇಳೆಗೆ ನಗರಕ್ಕೆ ವಿದ್ಯುದಾಗಾರ ಬಂದು, ಮನೆಮನೆಗೂ ತಂತಿ ಎಳೆಯುವ ಕೆಲಸ ಹೆಚ್ಚಿತು. ಬಾಷ್ ಉಸಿರಾಡುವಂತಾಯಿತು.

1897ರಲ್ಲಿ ಅವನ ಬಾಳಿನ ದೊಡ್ಡ ಪರೀಕ್ಷೆ ಮೂರು ಚಕ್ರದ ಮೇಲೆ ಬಂದಿತು. ಫ್ರೆಡರಿಕ್ ಸಿಮ್ಸ್ ಎಂಬ ಇಂಗ್ಲೆಂಡಿನ ಉದ್ಯಮಿ ಫ್ರಾನ್ಸಿನಲ್ಲಿ ತಯಾರಾದ ಡಿ ಡಿಯಾನ್ ಬೂತೊನ್ ತ್ರಿಚಕ್ರ ವಾಹನವೊಂದನ್ನು ಕಳುಹಿಸಿ, ಅದಕ್ಕೆ ಮ್ಯಾಗ್ನೆಟೊ ಜೋಡಿಸಿಕೊಡುವಂತೆ ಕೇಳಿದನು. ಆವರೆಗೆ ಬಾಷ್ ಕಂಡಿದ್ದ ಎಂಜಿನ್ನುಗಳು ಒಂದೆಡೆ ನಿಂತು ನಿಧಾನವಾಗಿ ತಿರುಗುವಂಥವು. ಈ ಪುಟ್ಟ ಎಂಜಿನ್ನಾದರೋ ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗುತ್ತಿತ್ತು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೊಂದು ಕಿಡಿ ಬೇಕು. ಎಂದರೆ ನಿಮಿಷಕ್ಕೆ ಒಂಬೈನೂರು, ಸೆಕೆಂಡಿಗೆ ಹದಿನೈದು ಕಿಡಿ. ಹಳೆಯ ಮ್ಯಾಗ್ನೆಟೊವನ್ನು ಇದ್ದಂತೆಯೇ ಕೂಡಿಸಿದರೆ ಈ ವೇಗವನ್ನು ಅದು ಹಿಡಿಯಲಾರದು.

ತಪ್ಪಿರುವುದು ಎಲ್ಲಿ? ಅಯಸ್ಕಾಂತದಲ್ಲಿ ಬಲವಿದೆ, ಸುರುಳಿಯಲ್ಲಿ ದೋಷವಿಲ್ಲ. ತಂತಿ ಸುತ್ತಿದ ಕಬ್ಬಿಣದ ದಿಂಡು ಭಾರವಾದದ್ದು. ಭಾರವಾದುದನ್ನು ಅತ್ತಿಂದಿತ್ತ ಅಷ್ಟು ಬೇಗ ತೂಗಾಡಿಸಲು ಆಗದು. ಬಾಷನ ಕಾರ್ಖಾನೆಯ ಮೇಲ್ವಿಚಾರಕ ಆರ್ನಾಲ್ಡ್ ತ್ಸೇರಿಂಗರ್ ಇದಕ್ಕೆ ಸರಳವಾದ ಉಪಾಯವನ್ನು ಕಂಡನು. ದಿಂಡನ್ನು ಅಲುಗದಂತೆ ನಿಲ್ಲಿಸಿ, ಅದಕ್ಕೂ ಅಯಸ್ಕಾಂತಕ್ಕೂ ನಡುವೆ ಹಗುರವಾದ ಲೋಹದ ತೋಳೊಂದನ್ನು ಇಟ್ಟು ಅದನ್ನು ಮಾತ್ರ ಆಡಿಸಿದನು. ಬಲರೇಖೆಗಳ ದಾರಿ ಬದಲಾದರೆ ಸಾಕಲ್ಲವೆ? ಕದಲುವುದು ದಿಂಡೋ ತೋಳೋ ಎಂಬುದು ವಿದ್ಯುತ್ತಿಗೆ ಒಂದೇ. ತ್ರಿಚಕ್ರ ವಾಹನ ಓಡಿತು. ಮರುವರ್ಷವೇ ಲಂಡನ್ನಿನಲ್ಲಿ ಸಿಮ್ಸ್ ಜೊತೆಗೂಡಿ ಮಾರಾಟದ ಕಚೇರಿ ತೆರೆಯಲಾಯಿತು.

ಮೋಟಾರು ವಾಹನದ ಆದ್ಯನಾದ ಡೈಮ್ಲರ್ ಅದುವರೆಗೆ ಬೇರೊಂದು ವಿಧಾನವನ್ನು ನೆಚ್ಚಿದ್ದನು. ಪುಟ್ಟ ನಳಿಗೆಯೊಂದನ್ನು ಹೊರಗಿನ ಜ್ವಾಲೆಯಿಂದ ಕೆಂಪಗೆ ಕಾಯಿಸಿ, ಅದರ ತಾಪದಿಂದಲೇ ಇಂಧನ ಹೊತ್ತಿಕೊಳ್ಳುವಂತೆ ಮಾಡುವುದು ಆ ವಿಧಾನ. ಪೆಟ್ರೋಲಿನ ಪಕ್ಕದಲ್ಲೇ ತೆರೆದ ಜ್ವಾಲೆ! ನೆಲದ ಮೇಲೆ ಅದನ್ನು ಹೇಗೋ ಸಹಿಸಬಹುದು. ಆದರೆ ಕೌಂಟ್ ತ್ಸೆಪೆಲಿನ್ನನ ವಾಯುನೌಕೆ ಹೈಡ್ರೋಜನ್ ಅನಿಲವನ್ನು ತುಂಬಿಕೊಂಡು ಹಾರುವಂಥದು. 1900ರ ಜುಲೈಯಲ್ಲಿ ಅದು ಕಾನ್‌ಸ್ಟೆನ್ಸ್ ಸರೋವರದ ಮೇಲೆ ಮೊದಲ ಬಾರಿಗೆ ಏರಿದಾಗ ಅದರ ಡೈಮ್ಲರ್ ಎಂಜಿನ್ನುಗಳಲ್ಲಿ ಇದ್ದದ್ದು ಬಾಷನ ಮ್ಯಾಗ್ನೆಟೊ.

ಇನ್ನೂ ಒಂದು ಕುಂದು ಉಳಿದಿತ್ತು. ಸಿಲಿಂಡರಿನ ಉರಿಯೊಳಗೆ ಆಡುತ್ತಿದ್ದ ಸನ್ನೆ, ತುದಿಗಳು ಬೇಗ ಸವೆಯುತ್ತಿದ್ದವು. ಅವನ್ನು ತೆಗೆದುಹಾಕುವ ಕೆಲಸವನ್ನು ಬಾಷ್ ಗಾಟ್ಲೋಬ್ ಹೋನೋಲ್ಡ್ ಎಂಬ ತರುಣನಿಗೆ ವಹಿಸಿದನು. ಹಿಂದೆ ಇದೇ ಕಾರ್ಯಾಗಾರದಲ್ಲಿ ಕೆಲಸ ಕಲಿತು, ಬಳಿಕ ತಂತ್ರವಿದ್ಯೆಯನ್ನು ಓದಿ ಮರಳಿ ಬಂದಿದ್ದವನು ಅವನು. ಹೋನೋಲ್ಡನು ಒಂದೇ ದಿಂಡಿಗೆ ಎರಡು ಸುರುಳಿ ಸುತ್ತಿದನು: ದಪ್ಪ ತಂತಿಯ ಕೆಲವೇ ಸುತ್ತುಗಳು ಒಂದು, ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳು ಇನ್ನೊಂದು. ಮೊದಲನೆಯದರ ಪ್ರವಾಹವನ್ನು ಹೊರಗಿರುವ ಪಾಯಿಂಟುಗಳು ಥಟ್ಟನೆ ಕಡಿದಾಗ ಎರಡನೆಯದರಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟುತ್ತದೆ. ಅದು ಸ್ಪಾರ್ಕ್ ಪ್ಲಗ್ಗಿನ ಎರಡು ತುದಿಗಳ ನಡುವಣ ಸಂದನ್ನು ಹಾರಿ ದಾಟುತ್ತದೆ. ಸಿಲಿಂಡರಿನೊಳಗೆ ಕದಲುವ ಭಾಗ ಒಂದೂ ಇಲ್ಲ. 1902ರ ಜನವರಿಯಲ್ಲಿ ಇದಕ್ಕೆ ಹಕ್ಕುಪತ್ರ ದೊರೆಯಿತು. ಮರುವರ್ಷ ಐರ್ಲೆಂಡಿನಲ್ಲಿ ನಡೆದ ಗಾರ್ಡನ್ ಬೆನೆಟ್ ಪಂದ್ಯದಲ್ಲಿ ಬೆಲ್ಜಿಯಂನ ಜೆನಾಟ್ಸಿ ಓಡಿಸಿ ಗೆದ್ದ ಮರ್ಸಿಡಿಸ್ ಕಾರಿನಲ್ಲಿ ಬಾಷ್ ಮ್ಯಾಗ್ನೆಟೊ ಇತ್ತು.

ಒಂದು ಶತಮಾನವೇ ಕಳೆದರೂ ಈ ಸಾಧನದ ಅಂಗಗಳು ಬಹುಮಟ್ಟಿಗೆ ಹಾಗೆಯೇ ಉಳಿದುವು. ತೋಟಗಳಲ್ಲಿ ದುಡಿಯುವ ಹಳೆಯ ಪುಟ್ಟ ಟ್ರ್ಯಾಕ್ಟರೊಂದು ಎಷ್ಟು ತಿರುಗಿಸಿದರೂ ಹೊತ್ತಿಕೊಳ್ಳದೆ ನಿಂತಿತೆನ್ನೋಣ. ಅದರ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಇಂಧನ ಬರುತ್ತಿದೆ, ಕಿಡಿಯೇ ಇಲ್ಲವೆಂದು ಊಹಿಸಬಹುದು. ಬಲ್ಲವನು ಕೂಡಲೆ ಮ್ಯಾಗ್ನೆಟೊವನ್ನು ಬಿಚ್ಚಲು ಹೊರಡುವುದಿಲ್ಲ. ಪ್ಲಗ್ಗಿನ ಮಸಿ ಒರೆಸಿ, ಅದನ್ನು ತಂತಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ತಾಗುವಂತೆ, ಆದರೆ ಆವಿ ಹೊರಬರುವ ರಂಧ್ರಕ್ಕೆ ದೂರವಾಗಿ ಇಟ್ಟು, ಎಂಜಿನ್ನನ್ನು ತಿರುಗಿಸಿ ನೆರಳಿನಲ್ಲಿ ನೋಡುತ್ತಾನೆ. ತಂತಿಯ ತುದಿಯನ್ನು ಬರಿಗೈಯಲ್ಲಿ ಹಿಡಿಯುವ ಸಾಹಸ ಮಾಡುವುದಿಲ್ಲ. ಸಾವಿರಾರು ವೋಲ್ಟಿನ ಪೆಟ್ಟು ಸುಮ್ಮನೆ ಬಿಡುವಂಥದಲ್ಲ. ನೀಲಿ ಕಿಡಿ ಕಾಣದಿದ್ದರೆ ಒಳ್ಳೆಯ ಪ್ಲಗ್ಗೊಂದನ್ನು ಹಾಕಿ ಮತ್ತೆ ನೋಡುತ್ತಾನೆ. ಆಗಲೂ ಇಲ್ಲವಾದರೆ ಅವನ ಕಣ್ಣು ಎಂಜಿನ್ನನ್ನು ನಿಲ್ಲಿಸುವ ಸ್ವಿಚ್ಚಿನ ತಂತಿಯ ಮೇಲೆ ಬೀಳುತ್ತದೆ. ಮ್ಯಾಗ್ನೆಟೊ ಎಂಜಿನ್ನನ್ನು ನಿಲ್ಲಿಸುವುದೆಂದರೆ ಮೊದಲ ಸುರುಳಿಯನ್ನು ಎಂಜಿನ್ನಿನ ಮೈಗೆ ಜೋಡಿಸಿಬಿಡುವುದು. ಆ ತಂತಿಯ ಹೊದಿಕೆ ಉಜ್ಜಿ ಸವೆದು ಲೋಹಕ್ಕೆ ತಾಗುತ್ತಿದ್ದರೆ, ಚಾಲಕ ಎಷ್ಟು ಹೆಣಗಿದರೂ ಎಂಜಿನ್ನಿನ ಪಾಲಿಗೆ ಅದು ನಿಲ್ಲೆಂಬ ಅಪ್ಪಣೆಯೇ. ಆ ತಂತಿಯನ್ನು ಕಳಚಿದೊಡನೆ ಕಿಡಿ ಬಂದರೆ ರೋಗ ಸಿಕ್ಕಿತು. ಬಾರದಿದ್ದರೆ ಪಾಯಿಂಟುಗಳ ಸರದಿ. ಬಹುಕಾಲ ನಿಂತ ಯಂತ್ರದಲ್ಲಿ ಅವುಗಳ ಮೇಲೆ ಎಣ್ಣೆಯ ಜಿಡ್ಡೋ ಕಿಲುಬೋ ಕಟ್ಟಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಪದರವೂ ಪ್ರವಾಹವನ್ನು ತಡೆಯಬಲ್ಲದು. ಒರೆಸಿ, ನಡುವಣ ಅಂತರವನ್ನು ತಯಾರಕರು ಹೇಳಿದಷ್ಟಕ್ಕೆ, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿಗೆ ಹೊಂದಿಸಬೇಕು. ಪಾಯಿಂಟುಗಳು ಸುಟ್ಟು ಗುಳಿಬಿದ್ದಿದ್ದರೆ ಕಂಡೆನ್ಸರಿನ ಮೇಲೆ ಅನುಮಾನ. ಸುರುಳಿಯೇ ಕೆಟ್ಟಿದೆಯೆಂಬ ತೀರ್ಮಾನ ಎಲ್ಲಕ್ಕೂ ಕಡೆಯದು. ಏಕೆಂದರೆ ಅದೇ ಎಲ್ಲಕ್ಕಿಂತ ದುಬಾರಿ. ಷೋರ್ನ್‌ಡಾರ್ಫಿಗೆ ಹೋಗಿ ಎಂಜಿನ್ನಿನ ಮುಂದೆ ನಿಂತ ತರುಣ ಬಾಷನಿಗೆ ಒದಗಿದ್ದೂ ಇದೇ ಕಣ್ಣು.

ಕಾರ್ಖಾನೆ ಬೆಳೆದ ಬಗೆ ಬೆರಗು ಹುಟ್ಟಿಸುವಂಥದು. 1901ರಲ್ಲಿ ಸ್ವಂತ ಕಟ್ಟಡವನ್ನು ಹೊಕ್ಕಾಗ ಇದ್ದವರು 45 ಮಂದಿ. 1906ರಲ್ಲಿ ಒಂದು ಲಕ್ಷದ ಮ್ಯಾಗ್ನೆಟೊ ಹೊರಬಿತ್ತು. 1912ರಲ್ಲಿ ಹತ್ತು ಲಕ್ಷದ್ದು. 1906ರಲ್ಲಿಯೇ ಬಾಷ್ ತನ್ನ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಗಳ ದುಡಿಮೆಯನ್ನು ಗೊತ್ತುಮಾಡಿದನು. ಹತ್ತು ಗಂಟೆ ದುಡಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇತರ ಮಾಲೀಕರಿಗೆ ಇದು ಹುಚ್ಚಾಟವಾಗಿ ಕಂಡಿತು. ಕೆಲವರು ಅವನನ್ನು ಕೆಂಪು ಬಾಷ್ ಎಂದು ಕರೆದರು. ಅವನ ಲೆಕ್ಕ ಬೇರೆ. ದಣಿಯದ ಕೈಯ ಕೆಲಸ ಚೆನ್ನ. ಎರಡು ಪಾಳಿ ನಡೆದರೆ ಯಂತ್ರಗಳೂ ಬಿಡುವಾಗಿ ಕೂರುವುದಿಲ್ಲ. ಒಳ್ಳೆಯ ಸಂಬಳವನ್ನು ಕೊಡುವುದರಿಂದಲೇ ತನ್ನ ಸಂಪತ್ತು ಬೆಳೆಯಿತೆಂದು ಅವನು ನಂಬಿದ್ದನು. ದುಂದು ಮಾತ್ರ ಅವನಿಗೆ ಆಗದು. ಕಚೇರಿಯ ನೆಲದ ಮೇಲೆ ಬಿದ್ದಿದ್ದ ಕಾಗದದ ಕ್ಲಿಪ್ಪನ್ನು ಎತ್ತಿ ಹಿಡಿದು, ಅದು ತನ್ನ ಹಣವೆಂದು ಗುಮಾಸ್ತನಿಗೆ ನೆನಪಿಸಿದ ಕತೆ ಅವನ ಕಾರ್ಖಾನೆಯಲ್ಲಿ ಮನೆಮಾತಾಗಿತ್ತು. ಇಷ್ಟಿದ್ದೂ 1913ರಲ್ಲಿ ಅವನ ಕೆಲಸಗಾರರೇ ಮುಷ್ಕರ ಹೂಡಿದರು. ಅದು ಅವನ ಮನಸ್ಸನ್ನು ಬಹಳವಾಗಿ ನೋಯಿಸಿತು.

ಮೊದಲನೆಯ ಮಹಾಯುದ್ಧ ಅವನ ವ್ಯಾಪಾರವನ್ನು ತಲೆಕೆಳಗು ಮಾಡಿತು. ಮಾಲಿನ ಬಹುಪಾಲು ಹೊರದೇಶಗಳಿಗೆ ಹೋಗುತ್ತಿತ್ತು. ಆ ದಾರಿಗಳೆಲ್ಲ ಮುಚ್ಚಿದುವು. ಅಮೆರಿಕದಲ್ಲಿದ್ದ ಅವನ ಕಾರ್ಖಾನೆಗಳನ್ನು ಅಲ್ಲಿನ ಸರ್ಕಾರ ವಶಪಡಿಸಿಕೊಂಡಿತು. ಕಾರ್ಖಾನೆಯ ಕಟ್ಟಡವನ್ನು ಗಾಯಾಳುಗಳ ಆಸ್ಪತ್ರೆಗಾಗಿ ಅವನು ಬಿಟ್ಟುಕೊಟ್ಟನು. ಸೇನೆಗೆ ಮಾಲು ಒದಗಿಸಿದುದರಿಂದ ಬಂದ ಲಾಭವನ್ನು ಇಟ್ಟುಕೊಳ್ಳಲು ಮನಸ್ಸೊಪ್ಪದೆ, ನೆಕ್ಕಾರ್ ನದಿಯನ್ನು ದೋಣಿಸಂಚಾರಕ್ಕೆ ಯೋಗ್ಯವಾಗಿಸುವ ಕಾಲುವೆಗಾಗಿ ಕೋಟಿ ಮಾರ್ಕಿಗೂ ಮಿಕ್ಕ ಹಣವನ್ನು ಕೊಟ್ಟನು. 1921ರಲ್ಲಿ ಮಗ ರಾಬರ್ಟ್ ದೀರ್ಘವ್ಯಾಧಿಯಿಂದ ತೀರಿಕೊಂಡನು. ಕಾರ್ಖಾನೆಯನ್ನು ವಹಿಸಿಕೊಳ್ಳಬೇಕಾಗಿದ್ದ ಮಗ.

ಅಷ್ಟರಲ್ಲಿ ಮ್ಯಾಗ್ನೆಟೊವಿನ ಕಾಲವೂ ತಿರುಗಿತು. ದೀಪಕ್ಕೂ ಎಂಜಿನ್ನನ್ನು ಹೊರಡಿಸುವುದಕ್ಕೂ ಕಾರುಗಳಲ್ಲಿ ಬ್ಯಾಟರಿ ಬಂದ ಮೇಲೆ ಕಿಡಿಗೂ ಅದೇ ಸಾಕಾಯಿತು. ಟ್ರ್ಯಾಕ್ಟರು, ವಿಮಾನಗಳಂಥ ಕೆಲವು ಕಡೆ ಮಾತ್ರ ಮ್ಯಾಗ್ನೆಟೊ ಉಳಿಯಿತು. ಒಂದೇ ಮಾಲನ್ನು ನೆಚ್ಚಿದ ಕಾರ್ಖಾನೆ 1926ರ ಸುಮಾರಿಗೆ ಮುಗ್ಗಟ್ಟಿಗೆ ಸಿಕ್ಕಿತು. ಗಾಜನ್ನು ಒರೆಸುವ ವೈಪರ್, 1927ರಿಂದ ಡೀಸೆಲ್ ಎಂಜಿನ್ನಿಗೆ ಇಂಧನವನ್ನು ಚಿಮ್ಮಿಸುವ ಪಂಪು, 1933ರಲ್ಲಿ ಮನೆಬಳಕೆಯ ಶೀತಕಪಾಟು ಹೀಗೆ ಹೊಸ ಹೊಸ ಪದಾರ್ಥಗಳು ಅದನ್ನು ಎತ್ತಿ ನಿಲ್ಲಿಸಿದುವು. ಬಾಷ್ ಈ ನಡುವೆ ಬವೇರಿಯಾದ ಜೌಗುನೆಲದಲ್ಲಿ ದೊಡ್ಡ ತೋಟವೊಂದನ್ನು ಮಾಡಿ, ಬೇಸಾಯದ ಪ್ರಯೋಗಗಳಲ್ಲಿ ತೊಡಗಿದ್ದನು. ಬಾಲ್ಯದ ಗಿಡಮರಗಳ ಒಲವು ಹೀಗೆ ಮುಪ್ಪಿನಲ್ಲಿ ಕೈಗೂಡಿತು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಈ ಕಾಲದ ಲೆಕ್ಕ ಅಷ್ಟು ಸರಳವಲ್ಲ. ಬಾಷ್ ಆ ಆಳ್ವಿಕೆಯನ್ನು ಒಪ್ಪಲಿಲ್ಲ. ಅವನೂ ಅವನ ಆಪ್ತ ಹಾನ್ಸ್ ವಾಲ್ಟ್ಸನೂ ಯೆಹೂದ್ಯರಿಗೆ ಗುಟ್ಟಾಗಿ ನೆರವಾದರು. ಹಿಟ್ಲರನ ವಿರೋಧಿಯಾದ ಗೋರ್ಡೆಲರನಿಗೆ ಸಂಸ್ಥೆಯಲ್ಲಿ ಸಲಹೆಗಾರನ ಕೆಲಸ ಕೊಟ್ಟು ಆಸರೆಯಾದರು. ಆದರೆ ಅದೇ ಸಂಸ್ಥೆ ಸೇನೆಗೆ ಬೇಕಾದುದನ್ನು ತಯಾರಿಸಿತು. ಯುದ್ಧದ ವರ್ಷಗಳಲ್ಲಿ ಸಾವಿರಾರು ಮಂದಿ ಅಲ್ಲಿ ಬಲವಂತದ ದುಡಿಮೆ ಮಾಡಬೇಕಾಯಿತು. ಎರಡೂ ನಿಜ. 1942ರ ಮಾರ್ಚ್ 12ರಂದು, ಎಂಬತ್ತರ ವಯಸ್ಸಿನಲ್ಲಿ, ಬಾಷ್ ಸ್ಟುಟ್‌ಗಾರ್ಟಿನಲ್ಲಿ ನಿಧನನಾದನು. ತಾನು ಮೆಚ್ಚದ ಸರ್ಕಾರವೇ ಅವನಿಗೆ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಸಿತು.

ಅವನ ಇಚ್ಛೆಯನ್ನು ಅನುಸರಿಸಿ 1964ರಲ್ಲಿ ಸಂಸ್ಥೆಯ ಬಂಡವಾಳದ ಬಹುಪಾಲನ್ನು ಧರ್ಮನಿಧಿಯೊಂದಕ್ಕೆ ವರ್ಗಾಯಿಸಲಾಯಿತು. ಲಾಭದ ಪಾಲು ಆರೋಗ್ಯ, ವಿದ್ಯೆ ಮುಂತಾದ ಕಾರ್ಯಗಳಿಗೆ ಸಲ್ಲತೊಡಗಿತು. ಅವನೇ ಕಟ್ಟಿಸಿದ ಆಸ್ಪತ್ರೆ 1940ರಲ್ಲಿಯೇ ಸ್ಟುಟ್‌ಗಾರ್ಟಿನಲ್ಲಿ ತೆರೆದಿತ್ತು. ಸಂಸ್ಥೆಯ ಮುದ್ರೆಯಲ್ಲಿ ವೃತ್ತದೊಳಗೆ ಕಾಣುವ ಆಕೃತಿ ಬೇರೇನೂ ಅಲ್ಲ. ಮ್ಯಾಗ್ನೆಟೊವಿನ ಕಬ್ಬಿಣದ ದಿಂಡು. ಕನ್ನಡನಾಡಿಗೂ ಈ ಮುದ್ರೆ ಅಪರಿಚಿತವಲ್ಲ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ಸಂಸ್ಥೆಯ ಸಹಯೋಗದೊಡನೆ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿತು. ಜನರ ಬಾಯಲ್ಲಿ ಅದು ಮೈಕೋ ಆಯಿತು. 2008ರಲ್ಲಿ ಕಂಪನಿಯು ಬಾಷ್ ಎಂಬ ಹೆಸರನ್ನೇ ತಳೆಯಿತಾದರೂ, ನಗರದ ಒಂದು ಬಡಾವಣೆ ಇಂದಿಗೂ ಮೈಕೋ ಲೇಔಟ್ ಎಂದೇ ಕರೆಸಿಕೊಳ್ಳುತ್ತಿದೆ.